ಮೀಸೆಮೀನು ಮತ್ತು ನನ್ನ ಪಾಲಿನ ಬಕೆಟ್ಟು

ಇಂಥ ಫಜೀತಿಗಳು ಊರವರನ್ನೆಲ್ಲ ಬಿಟ್ಟು ನನ್ನನ್ನೇ ಯಾಕೆ ಹುಡುಕಿಕೊಂಡು ಬರುತ್ತವೆ ಎಂದು ಹೆಂಡತಿ ಕೇಳುತ್ತಾಳೆ. ಅವು ಬರುವುದಿಲ್ಲ, ನಾನೇ ಅವು ಇದ್ದಲ್ಲಿಗೆ ಹೋಗುತ್ತೇನೆ ಎಂದು ಅವಳಿಗೆ ಹೇಗೆ ಹೇಳಲಿ?

ಬೆಳಗಾವಿಯ ಶಹಾಪುರದಲ್ಲಿ ನನ್ನದು ಪವರ್‌ಲೂಮು. ಮಗ್ಗದ ಸಪ್ಪಳ ನಿಂತರೆ ನನ್ನ ಕೈಗಳಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಕರೆಂಟು ಹೋದರೆ ಅಂಗಿಯ ಗುಂಡಿ ಬಿಚ್ಚಿ ಮತ್ತೆ ಹಾಕುತ್ತ ಕೂರುವವನು ನಾನು. ಜೂನಿನ ಮೊದಲ ಮಳೆ ಬಿದ್ದರಂತೂ ಕೂತಲ್ಲಿ ಕೂರಲಾರೆ. ಖಾನಾಪುರದ ಕಡೆ ಹಳ್ಳದ ಮೀನುಗಳು ನೀರಿಗೆದುರಾಗಿ ಬತ್ತದ ಗದ್ದೆಗೆ ಹತ್ತಿ ಬರುವ ಕಾಲ ಅದು. ಅದರಲ್ಲಿ ಮೀಸೆಮೀನು ಗದ್ದೆಯ ಬದುವಿನ ಬಿಲ ಹೊಕ್ಕು ಕೂತಿರುತ್ತದೆ. ಬಲೆ ಇಲ್ಲದೆ, ಗಾಳ ಇಲ್ಲದೆ, ಬರಿಗೈಯಿಂದ ಅದನ್ನು ಹಿಡಿಯುವುದು ಅಲ್ಲಿಯ ಮಂದಿಗೆ ಮಳೆಗಾಲದ ಆಟ.

ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ನನಗೆ ತಿನ್ನುವುದು ಬೇಡ, ಹಿಡಿಯುವುದಷ್ಟೇ ಬೇಕು. ಶಿವಬಸವ ನಗರದ ನಮ್ಮ ಮನೆಯಲ್ಲಿ ಮಾತ್ರ "ಗದ್ದಿ ನೋಡಿ ಬರತೇನಿ" ಎಂದಷ್ಟೇ ಹೇಳಿ ಹೊರಡುತ್ತೇನೆ. ಅದೇನು ಸುಳ್ಳಲ್ಲ. ಗದ್ದೆಯನ್ನು ಬಹಳ ಹತ್ತಿರದಿಂದಲೇ ನೋಡುತ್ತೇನೆ.

ಒಂದೇ ಬಿಲ

ನಮ್ಮದು ಮೂವರ ಗುಂಪು. ಗದ್ದೆ ಖಾನಾಪುರದ ಒಬ್ಬ ಮುದುಕರದ್ದು. ಮನೆಮಾತು ಮರಾಠಿ, ನಮಗೆಲ್ಲ ಅವರು ಮಾಮಾ. ಇನ್ನೊಬ್ಬ ಬೆಳಗಾವಿಯ ಗಾಡಿ ರಿಪೇರಿ ಮಿಸ್ತ್ರಿ, ನನ್ನ ಜೀವದ ಗೆಳೆಯ. ಹಿಡಿದ ಮೀನು ಹೋಗುವುದು ಅವನ ಮನೆಗೇ. ಅವರ ಮನೆಯ ಸಾರಿನ ವಾಸನೆ ಇಡೀ ಗಲ್ಲಿಗೆ ಹರಡುತ್ತದಂತೆ.

ಮಾಮಾ ಮಾಡಿದ ಕಾಯದೆ ಒಂದೇ. ಜೀವನದಲ್ಲಿ ಒಂದಾದರೂ ಮೀನು ಕೈಯಾರೆ ಹಿಡಿಯದವನು ಬಕೆಟ್ಟು ಹೊರಬೇಕು. ಎಷ್ಟೋ ಮಳೆಗಾಲ ಹೋದವು, ಬಕೆಟ್ಟು ನನ್ನ ಕೈ ಬಿಡಲಿಲ್ಲ. ಗದ್ದೆಯ ಕೂಲಿಯವರು ನನ್ನನ್ನು ಕಂಡರೆ "ಬಕೀಟ ಬಂತು" ಎನ್ನುವಷ್ಟು ಹೆಸರಾಯಿತು. ಆ ಬಕೆಟ್ಟನ್ನು ಒಮ್ಮೆ ಮಿಸ್ತ್ರಿಯ ಕೈಗೆ ಕೊಟ್ಟು ಅವನ ಮುಂದೆ ಕೈಬೀಸಿ ನಡೆಯಬೇಕು ಎನ್ನುವುದೇ ನನ್ನ ಹಟ.

ಒಂದು ಸಲ ಬದುವಿನ ಈಚೆ ನಾನು ಬಿಲಕ್ಕೆ ಕೈ ಹಾಕಿದ್ದೆ. ಮಿಸ್ತ್ರಿ ಆಚೆ ಬದಿಗೆ ಎಲ್ಲೋ ಇದ್ದ. ಮಾಮಾ ಮೇಲಿಂದ "ಹಳೂ ಹಳೂ, ಮೆಲ್ಲಕ" ಎನ್ನುತ್ತಿದ್ದರು. ಮೆಲ್ಲಗೆ ಎನ್ನುವುದು ನನ್ನ ಕೈಗೆ ಗೊತ್ತಿಲ್ಲ. ಒಳಗೆ ಏನೋ ಮೆತ್ತಗೆ ತಾಗಿತು, ಗಬಕ್ಕನೆ ಹಿಡಿದು ಜಗ್ಗಿದೆ. ಅದು ತಿರುಗಿ ನನ್ನನ್ನೇ ಜಗ್ಗಿತು.

"ಸಿಕ್ತು! ದೊಡ್ಡದೈತಿ!" ಎಂದು ನಾನು ಕೂಗಿದೆ.

"ಅರೆ ಭಾಯಿ, ನನಗೂ ಸಿಕ್ಕೈತಿ! ಕಡಿಲಿಕತ್ತೈತಿ!" ಎಂದು ಆಚೆಯಿಂದ ಮಿಸ್ತ್ರಿ ಕೂಗಿದ.

ಇಬ್ಬರೂ ಕೆಸರಲ್ಲಿ ಕಾಲೂರಿ ಜೀವ ಬಿಟ್ಟು ಜಗ್ಗಿದೆವು. ನಡುವಿನ ಮಣ್ಣು ಕುಸಿದು ಬಿಲ ಬಾಯಿ ತೆರೆದಾಗ ನನ್ನ ಮುಷ್ಟಿಯಲ್ಲಿ ಮಿಸ್ತ್ರಿಯ ಬೆರಳುಗಳಿದ್ದವು.

ಮಾಮಾ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಇಬ್ಬರನ್ನೂ ನೋಡಿದರು. "ಎರಡೂ ಭಾರೀ ಮೀನ ಅದಾವ. ಆದ್ರ ಸಾರಿಗೆ ಬರಂಗಿಲ್ಲ, ಬಿಟ್ಟಬಿಡ್ರಿ" ಎಂದರು.

ಮಗ್ಗದ ಮುಳ್ಳು

ಮೀಸೆಮೀನಿನ ಮೀಸೆ ಸಾಧು. ತಲೆಯ ಎರಡೂ ಬಾಜು ಇರುವ ಮುಳ್ಳು ಮಾತ್ರ ಹಾಗಲ್ಲ. ಆ ಮುಳ್ಳುಗಳ ಹಿಂದೆ ಬೆರಳು ಹಾಕಿ ಅದುಮಿ ಹಿಡಿಯಬೇಕು. ಇನ್ನೊಂದು ಸಲ ಅವಸರದಲ್ಲಿ ನಾನು ಮುಂದೆ ಹಾಕಿದೆ; ಮೀನು ಚುಚ್ಚಿ ಜಾರಿಕೊಂಡಿತು. ಮನೆ ಮುಟ್ಟುವುದರೊಳಗೆ ಬೆರಳು ಬದನೆಕಾಯಿಯಷ್ಟು ಊದಿತ್ತು.

ಮನೆಗೆ ಅತ್ತೆ ಬಂದಿದ್ದರು. ಅತ್ತೆ ಎಂದರೆ ಹೆಂಡತಿಯ ತಾಯಿ. ಇರುವುದು ಖಾನಾಪುರದಲ್ಲಿ, ತವರು ಕಣಕುಂಬಿ. ಹಣೆತುಂಬ ವಿಭೂತಿ, ಪೂಜೆಯಾಗದೆ ಒಂದು ತೊಟ್ಟು ಚಹಾ ಇಲ್ಲ. ಅವರೆದುರು ತತ್ತಿ ಎನ್ನುವ ಶಬ್ದ ಎತ್ತಲಿಕ್ಕೂ ನಮಗೆ ಧೈರ್ಯ ಸಾಲದು. "ಮಗ್ಗದಾಗ ಸಿಕ್ಕತು" ಎಂದು ಹೇಳಿ ಬೆರಳು ಮುಚ್ಚಿಕೊಂಡೆ. ಅತ್ತೆ ಬೆರಳನ್ನು ಬಹಳ ಹೊತ್ತು ನೋಡಿದರು. "ಅರಿಶಿಣ ಹಚ್ಚರಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಹೆಂಡತಿ ಬಿಡಲಿಲ್ಲ, ದವಾಖಾನೆಗೆ ಕರೆದುಕೊಂಡು ಹೋದಳು. ಅವಳನ್ನು ಹೊರಗಿನ ಬಾಕಿನ ಮೇಲೆ ಕೂರಿಸಿ ನಾನು ಒಳಗೆ ಹೋಗಿ ಅದೇ ಮಗ್ಗದ ಕಥೆ ಹೇಳಿದೆ. ಡಾಕ್ಟರು ಬೆರಳು ತಿರುಗಿಸಿ ನೋಡಿ, ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿ ಕೇಳಿದರು: "ಈ ನಿಮ್ಮ ಮಗ್ಗಕ್ಕ ಮೀಸಿ ಅದಾವೇನ್ರಿ?"

ನಾನು ತಲೆ ತಗ್ಗಿಸಿದೆ. ಅವರು ನಗುತ್ತಲೇ ಸೂಜಿ ಚುಚ್ಚಿದರು.

ಹೊರಗೆ ಬಂದಾಗ ಹೆಂಡತಿಯ ಕಣ್ಣಲ್ಲಿ ನೀರು. "ಹಗಲೆಲ್ಲಾ ಆ ಸುಡುಗಾಡ ಮಗ್ಗದಾಗ ಯಾಕ ದುಡೀತೀರಿ? ಒಂದ್ನಾಕ ದಿನ ಮಗ್ಗ ಮುಟ್ಟಬ್ಯಾಡ್ರಿ. ಆರಾಮಾಗಿ ಖಾನಾಪುರಕ್ಕ ಹೋಗಿ ಗದ್ದಿ ನೋಡಿ ಬರ್ರಿ."

ಸಾಬೂನು

ನನ್ನ ಕೈಗೆ ನಿಧಾನ ಕಲಿಸಬೇಕೆಂದು ಮಾಮಾ ಒಂದು ಉಪಾಯ ಹೇಳಿದರು. ಬಕೆಟ್ಟಿನ ನೀರಿನಲ್ಲಿ ಸಾಬೂನು ಬಿಟ್ಟು, ಕಣ್ಣು ಮುಚ್ಚಿ ಹಿಡಿಯಬೇಕು. ನಾನು ಸ್ನಾನದ ಮನೆ ಸೇರಿ ಬಾಗಿಲು ಹಾಕಿಕೊಂಡೆ. ಹಿಡಿದಷ್ಟೂ ಜಾರಿತು, ಜಾರಿದಷ್ಟೂ ಹಟ ಬಂತು. ಸಾಬೂನು ಸವೆದು ಗುಂಡಿಯಷ್ಟಾದರೂ ನನಗೆ ಸಮಾಧಾನವಿಲ್ಲ, ಇನ್ನೊಂದರ ಪೊಟ್ಟಣ ಒಡೆದೆ. ಹೊರಗಿಂದ ಹೆಂಡತಿ ಬಾಗಿಲು ಬಡಿದಳು.

"ಏನ್ರೀ, ಇಷ್ಟು ತೊಳಿಯೂವಂಥಾದ್ದು ಏನ ಮಾಡಿ ಬಂದೀರಿ?"

ಖಾನಾಪುರ ಬಸ್ಸು

ಈ ಸಲದ ಮಳೆಗೆ ಮಿಸ್ತ್ರಿ ಒಂದು ಒಳ್ಳೆಯ ಮೀಸೆಮೀನು ಹಿಡಿದ. ನನಗೆ ಎಂದಿನಂತೆ ಕೆಸರು ಸಿಕ್ಕಿತು. ಹೊರಡುವ ಹೊತ್ತಿಗೆ ಅವನ ಬೈಕು ಶುರುವಾಗಲಿಲ್ಲ. ಬೆಳಗಾವಿಯ ಗಾಡಿಗಳನ್ನೆಲ್ಲ ರಿಪೇರಿ ಮಾಡುವವನ ಗಾಡಿ! ಅದನ್ನು ಮಾಮಾನ ಅಂಗಳದಲ್ಲಿ ಬಿಟ್ಟು ಬಸ್ಸು ಹತ್ತಿದೆವು. ಹಿಂದಿನ ಸೀಟು, ತೊಡೆಯ ಮೇಲೆ ಬಕೆಟ್ಟು, ಬಕೆಟ್ಟಿನ ಮೇಲೆ ಹಸಿ ಗೋಣಿಚೀಲ. ಬಸ್ಸು ಹೆಣ್ಣುಮಕ್ಕಳಿಂದ ತುಂಬಿ ತುಳುಕುತ್ತಿತ್ತು.

ಒಂದು ತಗ್ಗಿಗೆ ಬಸ್ಸು ಎಗರಿತು, ಬಕೆಟ್ಟು ವಾಲಿತು. ಮೀನು ಕೆಳಗೆ ಬಿದ್ದು ಸೀಟುಗಳ ಕೆಳಗೆ ತೆವಳುತ್ತ ಮುಂದಕ್ಕೆ ಹೊರಟಿತು. ನೀರಿಲ್ಲದೆಯೂ ಬಹಳ ಹೊತ್ತು ಬದುಕುವ ಜಾತಿ ಅದು.

"ಯವ್ವಾ, ಹಾವು!" ಎಂದು ಯಾರೋ ಚೀರಿದರು. ಇಡೀ ಬಸ್ಸಿನ ಕಾಲುಗಳು ಮೇಲೆ ಹೋದವು. ಕಂಡಕ್ಟರ್ ಸೀಟಿನ ಮೇಲೆ ಹತ್ತಿ ನಿಂತು, ಅದು ಮೀನು ಎಂದು ಗೊತ್ತಾದ ಮೇಲೆ ದರ್ಪದಿಂದ ಕೇಳಿದ: "ಯಾರದರೀ ಇದು? ಹೆಣ್ಣಿದ್ರ ಫ್ರೀ. ಗಂಡಿದ್ರ ಟಿಕೀಟ ತಗೋರಿ!"

ಮಿಸ್ತ್ರಿ ನನ್ನ ಬೆನ್ನಿಗೆ ಗುದ್ದಿದ. "ಭಾಯಿ, ಹಿಡಿ! ಇದನ್ನ ಹಿಡಿದ್ರ ಇವತ್ತಿಂದ ಬಕೀಟ ನಂದು!"

ಮತ್ತೇನು ಬೇಕು? ಬಸ್ಸು, ಮಂದಿ, ಮರ್ಯಾದೆ ಎಲ್ಲ ಮರೆತು ಸೀಟಿನ ಕೆಳಗೆ ಅಂಬೆಗಾಲಲ್ಲಿ ನುಗ್ಗಿದೆ. ಚೀಲ ದಾಟಿದೆ, ಚಪ್ಪಲಿ ದಾಟಿದೆ. ಎಲ್ಲಕ್ಕೂ ಮುಂದಿನ ಸೀಟಿನ ಹತ್ತಿರ ಮೀನು ನಿಂತಿತು. ಕೈ ಚಾಚಿ ಹಿಡಿದೇಬಿಟ್ಟೆ. ನನ್ನ ಕೈಯಲ್ಲಿ ಮೀನು! ಎತ್ತಿ ಹಿಡಿದು ಎಲ್ಲರಿಗೂ ತೋರಿಸಬೇಕೆಂದು ತಲೆ ಎತ್ತಿದೆ.

ಹಣೆತುಂಬ ವಿಭೂತಿ ಕಂಡಿತು. ಮಗಳನ್ನು ನೋಡಲು ಹೊರಟಿದ್ದ ಅತ್ತೆ.

ಕೈ ಸಡಿಲಾಯಿತು, ಮೀನು ಪಟ್ಟನೆ ಜಾರಿ ಅವರ ಪಾದದ ಬಳಿ ಬಿತ್ತು. ಮುಗಿಯಿತು ನನ್ನ ಸಂಸಾರ ಎಂದುಕೊಂಡೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿದರು. ಅಂಗೈಯಿಂದ ಮೆಲ್ಲಗೆ ಅದುಮಿ, ಮುಳ್ಳುಗಳ ಹಿಂದೆ ಎರಡು ಬೆರಳು ಹಾಕಿ ಮೀನನ್ನು ಎತ್ತಿದರು. ಅದು ಮಿಸುಕಲಿಲ್ಲ.

"ಅವಸರ ಮಾಡತೀರಿ, ಅಳಿಯಂದ್ರ" ಎಂದರು. "ಆವತ್ತ ಬೆರಳ ನೋಡಿದಾಗನ ಗೊತ್ತಾಗಿತ್ತು."

ಮಿಸ್ತ್ರಿ ಮುಂದೆ ತಂದು ಹಿಡಿದ ಬಕೆಟ್ಟಿಗೆ ಮೀನು ಬಿಟ್ಟು, ಬಸ್ಸಿಗೆಲ್ಲ ಒಮ್ಮೆ ಕಣ್ಣು ಹಾಯಿಸಿ, ನನ್ನ ಕಿವಿಯ ಹತ್ತಿರ ಬಂದರು. ನಾನು "ಮನ್ಯಾಗ ಹೇಳಬ್ಯಾಡ್ರಿ" ಎಂದು ಕೈಮುಗಿಯಬೇಕು, ಅಷ್ಟರಲ್ಲಿ ಅವರೇ ಅಂದರು: "ಮನ್ಯಾಗ ಹೇಳಬ್ಯಾಡ್ರಿ ಮತ್ತ. ಸಣ್ಣಾಕಿದ್ದಾಗ ಕಣಕುಂಬ್ಯಾಗ ಹಿಡದು ಹಿಡದು ಬಿಡತಿದ್ನಿ. ನಿಮ್ಮ ಮಾವಾರಿಗೂ ಇದು ಗೊತ್ತಿಲ್ಲ."

ಬೆಳಗಾವಿ ಬಂತು. ಇಳಿಯುವಾಗ ನಾನು ಬಕೆಟ್ಟನ್ನು ಮಿಸ್ತ್ರಿಯ ಕೈಯಲ್ಲೇ ಬಿಟ್ಟು ಕೈಬೀಸಿ ಹೊರಟೆ. ಅವನು ಓಡಿ ಬಂದು ಅದನ್ನು ಮತ್ತೆ ನನ್ನ ಕೈಗೇ ತುರುಕಿದ. "ಹಿಡಿದವರು ಅತ್ತಿ. ನೀ ಬರೇ ಮುಟ್ಟೀದಿ, ಭಾಯಿ." ಫೋನಿನಲ್ಲಿ ಮಾಮಾನನ್ನು ಕೇಳಿದೆವು. ಅವರ ತೀರ್ಪೂ ಅದೇ ಆಯಿತು.

ನಿನ್ನೆ ಮತ್ತೆ ಮೋಡ ಕವಿಯಿತು. ಮಗ್ಗ ಓಡುತ್ತಿದ್ದರೂ ನನ್ನ ಕೈಗಳು ಚಡಪಡಿಸುತ್ತಿದ್ದವು. ಆಗಲೇ ಖಾನಾಪುರದಿಂದ ಫೋನು ಬಂತು. ಆ ಕಡೆ ಅತ್ತೆ ಪಿಸುಗುಡುತ್ತಿದ್ದರು.

"ಅಳಿಯಂದ್ರ, ಮಳಿ ಹಿಡದೈತಿ. ನಿಮ್ಮ ಮಾವಾರು ಮಲಗ್ಯಾರ. ಲಗೂನ ಬರ್ರಿ. ಬರೂವಾಗ ಬಕೀಟ ಮರೀಬ್ಯಾಡ್ರಿ."