ದೊಡ್ಡಪ್ಪನ ಪದಕದ ಬೆನ್ನು ಹತ್ತಿ

ನಮ್ಮ ಜಿಲ್ಲೆಯಲ್ಲಿ ಒಂದು ಸಣ್ಣ ವಿಷಯ ತಿಳಿಯಲು ಹೊರಟವನಿಗೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ತಿಳಿಯುತ್ತದೆ. ಎಪ್ಪತ್ತೊಂದರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ನಮ್ಮ ದೊಡ್ಡಪ್ಪನಿಗೆ ಶೌರ್ಯ ಪದಕ ಬಂದಿತ್ತು. ಯಾಕೆಂದು ಕೇಳಿದರೆ "ಕೊಟ್ರು, ಇಸ್ಕಂಡೆ" ಎನ್ನುತ್ತಿದ್ದರು. ಅಷ್ಟೇ ಹೇಳಿ ತೀರಿಕೊಂಡರು.

ದೊಡ್ಡಮ್ಮ ನನ್ನನ್ನು ಕರೆಸಿದರು. "ನಲವತ್ತು ವರ್ಷ ಸಂಸಾರ ಮಾಡೀನಿ. ಎಂಥಾ ಮನುಷ್ಯನ ಜತೆ ಮಾಡಿದೆ ಅಂತ ಕಣ್ಮುಚ್ಚೋದ್ರೊಳಗೆ ಗೊತ್ತಾಗ್ಬೇಕು ಕಣಪ್ಪ."

ಪ್ರತ್ಯಕ್ಷ ಸಾಕ್ಷಿ

ಮೊದಲು ಹಿರೇಗುಂಟನೂರಿನಲ್ಲಿ ದೊಡ್ಡಪ್ಪನ ಗೆಳೆಯರೊಬ್ಬರನ್ನು ಹಿಡಿದೆ.

"ಯುದ್ಧದಾಗೆ ವಿಮಾನ ಬಿಟ್ಕಂಡು ನಮ್ಮ ಹೊಲದ ಮೇಲೇ ಬಂದಿದ್ದ. ನಾನು ಟವಲ್ ಬೀಸ್ದೆ. ಅವನೂ ಕೈ ಬೀಸ್ದ."

"ಅಷ್ಟು ಎತ್ತರದಾಗೆ ಅವರೇ ಅಂತ ಹೆಂಗೆ ಗೊತ್ತಾತು?"

"ಬೇರೆಯೋರು ನಂಗ್ಯಾಕೆ ಕೈ ಬೀಸ್ತಾರಲೇ?"

ಅರ್ಜಿ

ದುರ್ಗದ ಮಾಜಿ ಸೈನಿಕರ ಕಚೇರಿಯಲ್ಲಿ ಗುಮಾಸ್ತರು ತುಂಬಲು ಒಂದು ಅರ್ಜಿ ಕೊಟ್ಟರು. ಅದರಲ್ಲಿ 'ಪದಕ ಬಂದ ಕಾರಣ' ಎಂಬ ಕಾಲಂ ಇತ್ತು.

"ಅದನ್ನ ಕೇಳೋಕೇ ಬಂದಿದೀನಿ" ಎಂದೆ.

"ಖಾಲಿ ಬಿಟ್ರೆ ದಿಲ್ಲಿಗೆ ಹೋಗಲ್ರಿ. ಯಾರಿಗೆ ಬೇಕಾಗೈತೆ?"

"ಅವರ ಹೆಂಡತಿಗೆ."

ಗುಮಾಸ್ತರು 'ಕೌಟುಂಬಿಕ ಕಾರಣ' ಎಂದು ತಾವೇ ಬರೆದು ಮೊಹರು ಹೊಡೆದರು. ಪದಕದ ಅಂಚಿನಲ್ಲಿ ನಂಬರ್ ಕೆತ್ತಿರುತ್ತದಂತೆ, ಅದನ್ನೂ ತನ್ನಿ ಎಂದರು.

ನಂಬರ್

ಪದಕ ಕುರಿ ಕಾಯುವ ಚಿಕ್ಕಪ್ಪನ ಬಳಿ ಇದೆ ಎಂದರು ದೊಡ್ಡಮ್ಮ. ಬಿ.ದುರ್ಗದ ಹತ್ತಿರ ಮಂದೆ ಸಿಕ್ಕಿತು. ಪದಕ ಟಗರಿನ ಕೊರಳಲ್ಲಿತ್ತು.

"ಅಣ್ಣನೇ ಕಟ್ಟಿದ್ದು" ಎಂದರು ಚಿಕ್ಕಪ್ಪ. "ತೋಳ ಬಂದಾಗ ಕುರಿ ಎಲ್ಲಾ ಓಡಿದ್ವು. ಟಗರೊಂದೇ ಎದುರು ನಿಂತ್ಕಂತು. 'ಇದು ಇದಕ್ಕೇ ಸಲ್ಲಬೇಕು' ಅಂದ."

"ಅದೇ ಟಗರಾ ಇದು?"

"ಇದು ಅದರ ಮೊಮ್ಮಗ. ತಾತಂಗೆ ಯಾಕೆ ಬಂತು ಅಂತ ಇದಕ್ಕೂ ಗೊತ್ತಿಲ್ಲ."

ನಂಬರ್ ಓದಿಕೊಂಡೆ. ಮೊದಲ ಮೂರು ಅಂಕಿ ನಿಂತು, ಉಳಿದದ್ದು ಟಗರು ಗುದ್ದಿದ ಮೇಲೆ ನೆಲಕ್ಕೆ ಬಿದ್ದು.

ಉತ್ತರ

ಆರು ತಿಂಗಳಿಗೆ ದಿಲ್ಲಿಯಿಂದ ಕಾಗದ ಬಂತು. ದೊಡ್ಡಮ್ಮನಿಗೆ ಕನ್ನಡದಲ್ಲಿ ಹೇಳಿದೆ. ದೊಡ್ಡಪ್ಪ ವಿಮಾನ ಬಿಟ್ಟವರಲ್ಲ, ಮೆಕ್ಯಾನಿಕ್. ಉರಿಯುತ್ತಿದ್ದ ವಿಮಾನದೊಳಗೆ ಮೂರು ಸಲ ನುಗ್ಗಿ ಮೂವರನ್ನು ಹೊತ್ತು ತಂದಿದ್ದರು.

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಮೂರು ಸಲಾನಾ?"

"ಹೂಂ ದೊಡ್ಡಮ್ಮ. ಮೂರು ಸಲ."

ಎದ್ದು ಹೋಗಿ ಗೋಡೆಯ ಫೋಟೋದ ಎದುರು ನಿಂತರು.

"ಒಂದಿನ ಒಲೆ ಹಚ್ಚು ಅಂದ್ರೆ, 'ನಂಗೆ ಬೆಂಕಿ ಅಂದ್ರೆ ಭಯ ಕಣೇ' ಅಂದಿದ್ಯಲ್ಲೋ ಮಾರಾಯ! ನಲವತ್ತು ವರ್ಷ ನಂಬ್ಕಂಡು ನಾನೇ ಹಚ್ಚಿದ್ನಲ್ಲೋ!"