ತೊಂಬತ್ತು ಸಹಿ

ಇಸ್ತ್ರಿಪೆಟ್ಟಿಗೆ ಕದ್ದವನಿಗೆ ಜೈಲಿಲ್ಲ, ತೊಂಬತ್ತು ದಿನ ಅದರ ಒಡೆಯನ ಅಂಗಡಿಯಲ್ಲೇ ದುಡಿಯಬೇಕು ಎಂದು ಬೀದಿ ತುದಿಯ ಕೋರ್ಟು ತೀರ್ಪು ಕೊಟ್ಟಾಗ, ಒಡೆಯನಾದ ದರ್ಜಿಗೆ ತನಗೇ ಶಿಕ್ಷೆಯಾದಂತಾಯಿತು. ಪೆಟ್ಟಿಗೆಯೇನೋ ವಾಪಸು ಬಂದಿತ್ತು. ಆದರೆ ಹೊಸ ಕಾನೂನೇ ಹಾಗೆ: ಬೆಳಿಗ್ಗೆ ದೂರು ಕೊಟ್ಟರೆ ಸಂಜೆಗೆ ತೀರ್ಪು; ಕದ್ದವನು ಕಳಕೊಂಡವನ ಹತ್ತಿರ ದುಡಿದು, ದಿನಾ ಅವನ ಸಹಿ ಪಡೆಯಬೇಕು.

ಮರುದಿನ ಒಂಬತ್ತಕ್ಕೆಲ್ಲ ಕಳ್ಳ ಬಾಗಿಲಲ್ಲಿ ನಿಂತಿದ್ದ. ನಲವತ್ತು ದಾಟಿದ ಆಸಾಮಿ, ಹೆಣ್ಣು ನೋಡಲು ಹೊರಟವನಂತೆ ತಲೆ ಬಾಚಿದ್ದ. ಕಂಕುಳಲ್ಲಿ ಹಾಜರಿ ಪುಸ್ತಕ.

ಪಕ್ಕದಂಗಡಿಯ ಕ್ಷೌರಿಕ ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ನೋಡಲು ಓಡಿಬಂದ.

“ಇಂಥವರ ಕೈ ಕತ್ತರಿಸ್ಬೇಕು! ಆಗ ನೋಡು, ಕಳ್ಳತನ ಹೇಗೆ ನಿಲ್ಲುತ್ತೆ,” ಎಂದು ದರ್ಜಿ ಕತ್ತರಿ ಆಡಿಸಿದ.

“ಅದಿರ್ಲಿ, ಮೊದ್ಲು ಸೂಜಿ ಡಬ್ಬಿ ಒಳಗಿಡು,” ಎಂದ ಕ್ಷೌರಿಕ.

ದರ್ಜಿ ಕಳ್ಳನನ್ನು ಪಕ್ಕಕ್ಕೆ ಕರೆದ. “ನೋಡು, ತೊಂಬತ್ತು ಸಹೀನೂ ಈಗ್ಲೇ ಹಾಕ್ಕೊಡ್ತೀನಿ. ಇನ್ನು ಈ ಕಡೆ ತಲೆ ಹಾಕ್ಬೇಡ.”

ಕಳ್ಳ ಕೆನ್ನೆ ಬಡಿದುಕೊಂಡ. “ಅಯ್ಯೋ, ಸುಳ್ಳು ಸಹಿನಾ? ಜಡ್ಜಮ್ಮನಿಗೆ ಮಾತು ಕೊಟ್ಟಿದೀನಿ ಯಜಮಾನ್ರೇ.”

ಗುಂಡಿ, ದಾರ, ಗಲ್ಲಾಪೆಟ್ಟಿಗೆ, ಯಾವುದರ ಹತ್ತಿರ ಬಿಟ್ಟರೂ ಭಯ. ಕೊನೆಗೆ ದರ್ಜಿ ಅವನನ್ನು ಅಟ್ಟ ಹತ್ತಿಸಿದ. “ಧೂಳು ಹೊಡಿ. ಇಳಿಯೋ ಮಾತೇ ಬೇಡ.” ಆ ಗಡಿಬಿಡಿಯಲ್ಲಿ ಅಟ್ಟದ ಮೇಲೆ ಏನಿದೆ ಎನ್ನುವುದೇ ದರ್ಜಿಗೆ ಮರೆತುಹೋಗಿತ್ತು.

ಟೀಚರಮ್ಮ ರವಿಕೆ ಹೊಲಿಸಲು ಬಂದಿದ್ದರು. ಅಳತೆ ಬರೆದುಕೊಳ್ಳುತ್ತಿದ್ದಾಗ ಮೇಲಿನಿಂದ ದನಿ ಬಂತು.

“ಯಜಮಾನ್ರೇ, ಇಲ್ಲೊಂದು ಮೂಟೆ ತುಂಬ ಬಟ್ಟೆ ತುಂಡು! ಒಂದೊಂದಕ್ಕೂ ಗಿರಾಕಿ ಹೆಸರಿನ ಚೀಟಿ ಚುಚ್ಚಿದೆ!”

“ಮುಟ್ಬೇಡ! ಅಲ್ಲೇ ಇಡು!”

ಅಷ್ಟರಲ್ಲಿ ಕಳ್ಳ ಮೂಟೆ ಸಮೇತ ಜಾರಿ ಇಳಿದಿದ್ದ. “ಯಾರದ್ದು ಅವರಿಗೆ ವಾಪಸ್ ಕೊಡ್ಬೇಕು ಅಂತ ಜಡ್ಜಮ್ಮ ಹೇಳಿದಾರೆ. ತಗೊಳಿ ಟೀಚರಮ್ಮ, ನೀಲಿ ಹೂವಿಂದು ನಿಮ್ದು.”

ಟೀಚರಮ್ಮ ಕನ್ನಡಕ ಏರಿಸಿದರು. “ಬಟ್ಟೆ ಸಾಲಲ್ಲ ಅಂತ ಇನ್ನರ್ಧ ಮೀಟರ್ ತರ್ಸಿದ್ರಲ್ಲ, ಇದೇ ತಾನೆ ಅದು?”

“ಕತ್ತರಿಸೋವಾಗ ಸಾಲ್ತಿರ್ಲಿಲ್ಲ ಮೇಡಂ. ಹೊಲಿದ್ಮೇಲೆ… ಉಳೀತು.”

“ನನ್ನ ಕ್ಲಾಸಲ್ಲಿ ಇಂಥ ಲೆಕ್ಕಕ್ಕೆ ಸೊನ್ನೆ ಕೊಡ್ತೀನಿ.”

ಕ್ಷೌರಿಕ ಮೂಟೆಗೆ ಕೈ ಹಾಕಿ ಕೂಗಿಕೊಂಡ. “ಲೋ! ಸಾಲ್ಲಿಲ್ಲ ಅಂತ ನನ್ನ ಷರ್ಟಿಗೆ ಜೇಬೇ ಇಡ್ಲಿಲ್ವಲ್ಲೋ ನೀನು! ಎರಡು ವರ್ಷದಿಂದ ಬಾಚಣಿಗೆ ಕಿವಿ ಮೇಲಿಟ್ಕೊಂಡು ತಿರುಗ್ತಿದೀನಿ!”

ಮಧ್ಯಾಹ್ನದ ಹೊತ್ತಿಗೆ ಅಂಗಡಿ ಮುಂದೆ ಬೀದಿಯೇ ನೆರೆದಿತ್ತು. ಅರ್ಧ ಗಡ್ಡದ ಗಿರಾಕಿಯೂ ತನ್ನ ಪ್ಯಾಂಟಿನ ತುಂಡು ಹಿಡಿದು ನಿಂತಿದ್ದ.

“ಎಲ್ಲಾ ದರ್ಜಿಗಳೂ ಮಾಡೋದೇ ಇದು!” ದರ್ಜಿ ಬೆವರು ಒರೆಸಿಕೊಂಡ.

“ಎಲ್ಲಾ ಕಳ್ಳರೂ ಮಾಡೋದೇ ಅಂತ ನಾನೂ ಕೋರ್ಟಲ್ಲಿ ಅಂದೆ ಯಜಮಾನ್ರೇ,” ಕಳ್ಳ ಮೆಲ್ಲಗೆ ಹೇಳಿದ. “ಒಪ್ಪಲಿಲ್ಲ.”

ಎಲ್ಲರೂ ಸೇರಿ ದರ್ಜಿಯ ಮೇಲೆ ದೂರು ಕೊಟ್ಟರು; ನಾಲ್ಕಕ್ಕೆ ಕೋರ್ಟು. “ಬೆಳಿಗ್ಗೆ ಕೈ ಕತ್ತರಿಸ್ಬೇಕು ಅಂತಿದ್ದ ಅಮ್ಮಾ. ಯಾವ ಕೈ ಅಂತ ಕೇಳಿ,” ಎಂದ ಕ್ಷೌರಿಕ. ದರ್ಜಿ ಎರಡೂ ಕೈ ಬೆನ್ನ ಹಿಂದೆ ಅಡಗಿಸಿದ.

“ಕೈ ಇರ್ಲಿ, ಅದಕ್ಕೆ ಕೆಲಸ ಇದೆ,” ಎಂದರು ಜಡ್ಜಮ್ಮ. “ಶಿಕ್ಷೆ ದೊಡ್ಡದಾಗೋದು ಬೇಡ, ಯಾರಿಗೂ ತಪ್ಪಬಾರ್ದು ಅಷ್ಟೆ. ತೊಂಬತ್ತು ದಿನ ಇವರೆಲ್ಲರ ಬಟ್ಟೆ ಪುಕ್ಕಟೆ ಸರಿಮಾಡಿ ಕೊಡಿ. ನಿಮ್ಮ ಹಾಜರಿ ಪುಸ್ತಕಕ್ಕೆ ದಿನಾ ಸಹಿ ಹಾಕೋಕೆ, ಕಂಡ ಮಾಲನ್ನ ಕೂಡಲೇ ವಾಪಸ್ ಕೊಡೋ ಮನುಷ್ಯ ಬೇಕು. ನಿಮ್ಮ ಅಂಗಡೀಲೇ ಇದಾರಲ್ಲ!”

ಸುದ್ದಿ ಕೇಳಿ, ಸುತ್ತಲ ದರ್ಜಿಗಳೆಲ್ಲ ಆ ಸಂಜೆಯೇ ಮೂಟೆ ಹೊತ್ತು ಗಿರಾಕಿಗಳ ಮನೆ ಬಾಗಿಲು ತಟ್ಟುತ್ತಿದ್ದರು.

ಅಂಗಡಿಯಲ್ಲಿ ಇಬ್ಬರೂ ಕೂತು ಕ್ಷೌರಿಕನ ಜೇಬು ಹೊಲಿದರು. ಕಳ್ಳನ ಕೈ ಬಲು ಹಗುರ. ಒಮ್ಮೆ ತೋರಿಸಿದ್ದಕ್ಕೇ ಹೊಲಿಗೆ ಕಾಣದ ಹಾಗೆ ಕೂರಿಸಿಬಿಟ್ಟ. ಇಂಥ ಕೈ ಕತ್ತರಿಸಿದ್ದರೆ ಎಂಥ ನಷ್ಟವಾಗುತ್ತಿತ್ತು ಎಂದು ದರ್ಜಿಗೇ ಅನ್ನಿಸಿತು. ಕಳ್ಳನ ಪುಸ್ತಕಕ್ಕೆ ಸಹಿ ಹಾಕಿ, ತನ್ನ ಪುಸ್ತಕವನ್ನು ಮುಂದೆ ಸರಿಸಿ, ದನಿಗೆ ಬೆಣ್ಣೆ ಹಚ್ಚಿದ.

“ತಮ್ಮಾ, ತೊಂಬತ್ತನ್ನೂ ಈಗ್ಲೇ ಹಾಕ್ಬಿಡಪ್ಪ.”

ಕಳ್ಳ ಒಂದೇ ಒಂದು ಸಹಿ ಹಾಕಿ ಪುಸ್ತಕ ಮುಚ್ಚಿದ. “ನಾಳೆ ಒಂಬತ್ತಕ್ಕೆ ಬನ್ನಿ ಯಜಮಾನ್ರೇ, ತಡವಾದ್ರೆ ಹಾಜರಿ ಇಲ್ಲ. ಬಾಗಿಲು ನಾನೇ ತೆಗೆದಿರ್ತೀನಿ. ಬೀಗದ ಕೈ ಏನೂ ಬೇಡ.”