ಜೀಪಿನ ಏರಿಯಲ್ ಬುಡಕ್ಕೆ ಅಡಕತ್ತರಿ ಸಿಕ್ಕಿಸುವ ಬಗ್ಗೆ

ಉಪವಿಭಾಗ ಕಚೇರಿ, ಪುತ್ತೂರು
ಸಂಖ್ಯೆ: ವೈ/ಏರಿಯಲ್/ಅ.ಕ./67-68
ದಿನಾಂಕ: 29-7-1967

ಸುತ್ತೋಲೆ

ವಿಷಯ: ಇಲಾಖೆಯ ಜೀಪುಗಳಿಗೆ ವೈರ್‌ಲೆಸ್ ಏರಿಯಲ್ ಕೂರಿಸುವುದು, ಅದಕ್ಕೆ ಅರ್ತ್ ಕೊಡುವುದು ಹಾಗೂ ಸದರಿ ಕೆಲಸದಲ್ಲಿ ಅಡಕತ್ತರಿಯ ಸ್ಥಾನಮಾನವನ್ನು ನಿಗದಿಪಡಿಸುವ ಬಗ್ಗೆ.

ಉಲ್ಲೇಖ:
(ಅ) ಯಂತ್ರದ ತಯಾರಕರು ಕಳಿಸಿದ ಕೈಪಿಡಿ, ಗೆದ್ದಲು ತಿನ್ನದೆ ಉಳಿದ ಪುಟಗಳು.
(ಆ) ಸರಕಾರಿ ವಾಹನಗಳ ಬಣ್ಣವನ್ನು ಕಾಪಾಡುವ ಕುರಿತು ಇದೇ ಕಚೇರಿಯ ಆದೇಶ.
(ಇ) ಮಂಡೆಕೋಲಿನ ದುಗ್ಗಮ್ಮ ಎಂಬವರು ಖುದ್ದಾಗಿ ಬಂದು, ಕುರ್ಚಿ ಕೊಟ್ಟರೂ ಕೂರದೆ, ನಿಂತೇ ನೀಡಿದ ಹೇಳಿಕೆ.

ಕುಂಬ್ರ, ಕಡಬ ಮತ್ತು ಮಂಡೆಕೋಲು ಕ್ಯಾಂಪುಗಳ ಜೀಪುಗಳಿಗೆ ಕಳೆದ ವರ್ಷ ವೈರ್‌ಲೆಸ್ ಯಂತ್ರಗಳನ್ನು ಒದಗಿಸಲಾಗಿತ್ತು. ಮಳೆಗಾಲದಲ್ಲಿ ಹೊಳೆ ಉಕ್ಕಿ ಸಂಕಗಳು, ಅಂದರೆ ಕಿರುಸೇತುವೆಗಳು, ಮುಳುಗಿದಾಗ, ಆಚೆ ದಡದಲ್ಲಿ ಸಿಕ್ಕಿಕೊಂಡವರು ಸುಳ್ಯದ ಗುಡ್ಡದ ಮೇಲಿರುವ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿ ದೋಣಿ ತರಿಸಿಕೊಳ್ಳಲಿ ಎಂಬುದು ಇದರ ಉದ್ದೇಶ. ಏರಿಯಲ್ ಬುಡದ ಕಬ್ಬಿಣವು ಜೀಪಿನ ಮೈಯ ಕಬ್ಬಿಣಕ್ಕೆ ನೇರವಾಗಿ ತಾಗಬೇಕು, ನಡುವೆ ಬಣ್ಣವಿದ್ದರೆ ಅರ್ತ್ ಸಿಗದೆ ಯಂತ್ರ ಮಾತಾಡದು, ಆದ್ದರಿಂದ ಬೋಲ್ಟ್ ಬಿಗಿಯುವಲ್ಲಿ ಬಣ್ಣವನ್ನು ಕೆರೆದು ತೆಗೆಯಬೇಕು ಎಂದು ಉಲ್ಲೇಖ (ಅ)ದಲ್ಲಿ ಹೇಳಿದೆ. ಸರಕಾರಿ ಬಣ್ಣವನ್ನು ಕೆರೆಯುವುದು, ಗೀರುವುದು, ಬೇಸರವಾದಾಗ ಉಗುರಿನಿಂದ ಎಬ್ಬಿಸುವುದು ಶಿಕ್ಷಾರ್ಹವೆಂದು ಉಲ್ಲೇಖ (ಆ)ದಲ್ಲಿ ಹೇಳಿದೆ. ಎರಡನ್ನೂ ಕೂಲಂಕಷವಾಗಿ ಪರಿಶೀಲಿಸಲಾಯಿತು. ಕೈಪಿಡಿ ಬರೆದವರು ಈ ಇಲಾಖೆಯ ನೌಕರರಲ್ಲ ಎಂಬುದನ್ನು ಗಮನಿಸಿ, ಏರಿಯಲ್‌ಗಳನ್ನು ಬಣ್ಣದ ಮೇಲೆಯೇ ಕೂರಿಸಿ, ಬೋಲ್ಟುಗಳಿಗೂ ಒಂದು ಕೋಟು ಬಳಿಯಲಾಯಿತು.

ಅಂದಿನಿಂದ ಮೂರೂ ಜೀಪುಗಳಿಂದ ಒಂದು ಕೆಮ್ಮೂ ಕೇಳಿಬರಲಿಲ್ಲ. ಸುಳ್ಯ ಕೇಂದ್ರದ ಆಪರೇಟರ್ ಶ್ರೀ ತೀರ್ಥರಾಮ ಅವರು ದಿನವೂ ಯಂತ್ರದ ಮುಂದೆ ಕುಳಿತು, ದಿನವೂ ‘ವಿಶೇಷವೇನಿಲ್ಲ’ ಎಂದು ವರದಿ ಕಳಿಸಿದರು. ಇದರಿಂದ ಈ ಭಾಗದಲ್ಲಿ ಎಲ್ಲೆಡೆ ನೆಮ್ಮದಿ ನೆಲೆಸಿದೆಯೆಂದು ತಿಳಿದು, ವಾರ್ಷಿಕ ವರದಿಯಲ್ಲಿ ಮೆಚ್ಚುಗೆ ಸೂಚಿಸಲಾಯಿತು.

ಹೀಗಿರುವಲ್ಲಿ, ಈ ಮಳೆಗಾಲದ ಆರಂಭದಲ್ಲಿ ಮಂಡೆಕೋಲಿನ ಸೇವಂತಿ ಎಂಬವರಿಗೆ ಹೆರಿಗೆ ನೋವು ಕಾಣಿಸಿತು. ಮಗು ಅಡ್ಡ ನಿಂತಿದೆಯೆಂದು ಸೂಲಗಿತ್ತಿ ಕೈಚೆಲ್ಲಿದ್ದರಿಂದ, ಕ್ಯಾಂಪಿನ ಚಾಲಕ ಶ್ರೀ ಚನಿಯಪ್ಪ ಅವರು ಪೂರ್ವಾನುಮತಿ ಇಲ್ಲದೆ ಆಕೆಯನ್ನು ಜೀಪಿಗೆ ಹತ್ತಿಸಿಕೊಂಡು ಸುಳ್ಯದ ಆಸ್ಪತ್ರೆಗೆ ಹೊರಟರು. ಸಂಕ ಮುಳುಗಿತ್ತು. ಜೊತೆಗೆ ನೆರೆಮನೆಯ ದುಗ್ಗಮ್ಮ ಇದ್ದರು. ಇವರು ಎಲೆಯಡಿಕೆ ಹಾಕುವವರಾಗಿದ್ದು, ಇವರ ಅಡಕತ್ತರಿ ಸದಾ ಕೈಯಲ್ಲಿರುತ್ತದೆ. ನೋವಿನಿಂದ ಹೊರಳುತ್ತಿದ್ದ ಸೇವಂತಿಯನ್ನು ಎರಡೂ ಕೈಯಿಂದ ಹಿಡಿದುಕೊಳ್ಳಬೇಕಾದಾಗ, ಅಡಕತ್ತರಿಯನ್ನು ಇಡಲು ಬೇರೆ ಜಾಗ ಕಾಣದೆ, ಏರಿಯಲ್ ಬುಡಕ್ಕೂ ಜೀಪಿನ ಮೈಗೂ ನಡುವಿನ ಸಂದಿಗೆ ಬಲವಾಗಿ ತುರುಕಿದರು. ಎರಡೂ ಕಡೆ ಬಣ್ಣ ಗೀರಿ, ಕಬ್ಬಿಣಕ್ಕೆ ಕಬ್ಬಿಣ ತಾಗಿತು. ಒಂದು ವರ್ಷದಿಂದ ಸುಮ್ಮನಿದ್ದ ಯಂತ್ರ ಗೊರಗೊರ ಎಂದಿತು.

ಶ್ರೀ ಚನಿಯಪ್ಪ ಅವರು ನಿಗದಿತ ಸಂಕೇತಪದಗಳನ್ನು ಬಿಟ್ಟು, “ಯಾರಾದ್ರೂ ಇದ್ದೀರಾ ಮಾರಾಯ್ರೆ? ಹೊಳೆ ತುಂಬಿ ಹೋಗ್ತಾ ಉಂಟು, ಹೆರಿಗೆಯವರು ಇದ್ದಾರೆ, ಒಂದು ದೋಣಿ ಕಳಿಸಿ!” ಎಂದು ಕೂಗಿಕೊಂಡಿರುತ್ತಾರೆ. ಸುಳ್ಯದಲ್ಲಿ ಶ್ರೀ ತೀರ್ಥರಾಮ ಅವರು ಬೆಚ್ಚಿಬಿದ್ದು, ಮೊದಲು ಯಂತ್ರಕ್ಕೆ ಕೈಮುಗಿದು, ಅನಂತರ ದೋಣಿ ಕಳಿಸಿರುತ್ತಾರೆ. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಕ್ಷೇಮ. ಇದರಿಂದ ಈ ಕಚೇರಿಗೆ ಸಂತೋಷವಾಯಿತೆಂದು ಬರೆಯಲು ಯಾವ ನಿಯಮದಲ್ಲೂ ಅವಕಾಶವಿಲ್ಲ; ಆದರೂ ಆಯಿತು.

ತನಿಖೆ ನಡೆಸಿದಾಗ, ಅಡಕತ್ತರಿ ಇದ್ದಷ್ಟು ಹೊತ್ತು ಯಂತ್ರ ಮಾತಾಡಿತೆಂದೂ, ದುಗ್ಗಮ್ಮ ಅದನ್ನು ಕಿತ್ತುಕೊಂಡ ಕೂಡಲೇ ಸುಮ್ಮನಾಯಿತೆಂದೂ ತಿಳಿದುಬಂತು. ಆದುದರಿಂದ ಅಡಕತ್ತರಿಯು ವೈರ್‌ಲೆಸ್ ಯಂತ್ರದ ಬಿಡಿಭಾಗವೆಂದು ತೀರ್ಮಾನಿಸಿ, ಸದರಿ ಅಡಕತ್ತರಿಯನ್ನು ವಶಕ್ಕೆ ಪಡೆದು, ಪುತ್ತೂರು ಕಚೇರಿಯ ಕಪಾಟಿನಲ್ಲಿ ಬೀಗ ಹಾಕಿ ಇಡಲಾಗಿದೆ. ಮುಂದಕ್ಕೆ ಎಲ್ಲ ಕ್ಯಾಂಪುಗಳೂ ಈ ಕೆಳಗಿನಂತೆ ನಡೆದುಕೊಳ್ಳಬೇಕೆಂದು ಈ ಮೂಲಕ ಸೂಚಿಸಲಾಗಿದೆ:

1. ಏರಿಯಲ್ ಕೂರಿಸುವಾಗ ಬಣ್ಣ ಕೆರೆಯತಕ್ಕದ್ದಲ್ಲ. ಈ ವಿಷಯದಲ್ಲಿ ಕಚೇರಿಯ ನಿಲುವು ಬದಲಾಗಿಲ್ಲ.

2. ಏರಿಯಲನ್ನು ಜೀಪಿನ ಲೋಹದ ಭಾಗದ ಮೇಲೆಯೇ ಕೂರಿಸತಕ್ಕದ್ದು. ಎತ್ತರ ಹೆಚ್ಚಿದರೆ ಇಲಾಖೆಯ ಘನತೆಯೂ ಹೆಚ್ಚುವುದೆಂದು ಕಡಬ ಕ್ಯಾಂಪಿನವರು ಅದನ್ನು ಟಾರ್ಪಾಲಿನ ಮೇಲೆ ಬಿದಿರಿಗೆ ಕಟ್ಟಿ ಓಡಾಡಿರುವುದು ಸರಿಯಲ್ಲ. ದಾರಿಯ ಹಲಸಿನ ಕೊಂಬೆಗೆ ತಾಗಿ ಏರಿಯಲ್ ಬಾಗಿದ್ದು, ಕೊಂಬೆಯ ಮಾಲೀಕರಿಂದ ವಿವರಣೆ ಕೇಳಲಾಗಿದೆ.

3. ಪ್ರತಿ ಜೀಪಿಗೆ ಒಂದರಂತೆ ಕುಂಬ್ರದ ಅಂಗಡಿಯಿಂದ ಹೊಸ ಅಡಕತ್ತರಿಗಳನ್ನು ತರಿಸಿ ಹಂಚಲಾಗಿದೆ. ಅವು ಸರಕಾರಿ ಸೊತ್ತಾದುದರಿಂದ ಹಂಚುವ ಮೊದಲು ಇಲಾಖೆಯ ಬೂದು ಬಣ್ಣವನ್ನು ದಪ್ಪವಾಗಿ ಬಳಿಯಲಾಗಿದೆ. ಬಣ್ಣ ಅಂಟಿ ಅಡಕತ್ತರಿಯ ಬಾಯಿ ತೆರೆಯುವುದಿಲ್ಲವೆಂದು ದೂರುಗಳು ಬಂದಿವೆ. ಅಡಿಕೆ ಕತ್ತರಿಸುವುದು ಸದರಿ ಅಡಕತ್ತರಿಯ ಕರ್ತವ್ಯವಲ್ಲ.

4. ಬೂದು ಅಡಕತ್ತರಿ ಸಿಕ್ಕಿಸಿದ ಮೇಲೂ ಕುಂಬ್ರ ಮತ್ತು ಕಡಬದ ಯಂತ್ರಗಳು ಮಾತಾಡಿಲ್ಲ. ಸಿಕ್ಕಿಸಿದವರು ಎಲೆಯಡಿಕೆ ಹಾಕದವರಾಗಿದ್ದುದೇ ಇದಕ್ಕೆ ಕಾರಣವೆಂದು ಮೇಲ್ನೋಟಕ್ಕೆ ಕಂಡುಬರುತ್ತದೆ. ಇನ್ನು ಮುಂದೆ ಬಾಯಿ ಕೆಂಪಾಗಿರುವ ನೌಕರರು ಮಾತ್ರ ಏರಿಯಲ್ ಬುಡ ಮುಟ್ಟತಕ್ಕದ್ದು. ಕೆಂಪು ಸಾಕೇ ಎಂಬುದನ್ನು ಕ್ಯಾಂಪಿನ ಮುಖ್ಯಸ್ಥರು ಹಗಲು ಬೆಳಕಿನಲ್ಲಿ ನೋಡಿ ದೃಢೀಕರಿಸತಕ್ಕದ್ದು.

5. ಘಟನೆಯ ದಿನ ಹಿಂದಿನ ಸೀಟಿನಲ್ಲಿ ಒಬ್ಬ ಹಿರಿಯ ಹೆಂಗಸು ಕುಳಿತಿದ್ದರಾದ್ದರಿಂದ, ಯಂತ್ರ ಬಳಸುವಾಗ ಆ ಸೀಟಿನಲ್ಲಿ ಒಬ್ಬ ಹಿರಿಯ ಹೆಂಗಸು ಇರತಕ್ಕದ್ದು. ಕಡಬದವರು ಯಾರೂ ಸಿಗದೆ ಗುಮಾಸ್ತ ಶ್ರೀ ಬೆಳ್ಯಪ್ಪ ಅವರನ್ನು ಕೂರಿಸಿ ಪ್ರಯೋಗ ನಡೆಸಿರುವುದು ಗಮನಕ್ಕೆ ಬಂದಿದೆ. ಶ್ರೀ ಬೆಳ್ಯಪ್ಪ ತಲೆಗೆ ಸೆರಗು ಹೊದ್ದಿದ್ದರೆಂಬ ಸಮಜಾಯಿಷಿಯನ್ನು ಒಪ್ಪಲಾಗದು.

6. ಮಳೆನೀರು ಇಳಿಯಬಾರದೆಂದು ಶ್ರೀ ಚನಿಯಪ್ಪ ಅವರು ಅಡಿಕೆ ಹಾಳೆಯ ಮುಟ್ಟಾಳೆಗೆ ತೂತು ಕೊರೆದು ಏರಿಯಲ್ ಬುಡಕ್ಕೆ ತೊಡಿಸಿರುತ್ತಾರೆ. ಕಚೇರಿಯ ಆಕ್ಷೇಪವಿಲ್ಲ. ಆದರೆ ಮೇಲಧಿಕಾರಿಗಳು ಎದುರಾದಾಗ ಏರಿಯಲ್ ತನ್ನ ಟೊಪ್ಪಿಯನ್ನು ತೆಗೆದಿರತಕ್ಕದ್ದು. ತೆಗೆಯದಿದ್ದಲ್ಲಿ ಚಾಲಕರನ್ನು ಹೊಣೆ ಮಾಡಲಾಗುವುದು.

7. ಯಂತ್ರ ಕೆಟ್ಟಿದ್ದಲ್ಲಿ ಆ ವಿಷಯವನ್ನು ತಡಮಾಡದೆ ಅದೇ ಯಂತ್ರದ ಮೂಲಕ ತಿಳಿಸತಕ್ಕದ್ದು.

8. ಮಂಡೆಕೋಲು ಜೀಪಿನ ಮೇಲಾದ ಗೀರು ತನಿಖೆಯ ಸಾಕ್ಷ್ಯವಾಗಿದ್ದು, ತನಿಖೆ ಮುಗಿಯುವ ತನಕ ಅದರ ಮೇಲೆ ಬಣ್ಣ ಹಚ್ಚತಕ್ಕದ್ದಲ್ಲ. ಸುತ್ತ ಸುಣ್ಣದ ಗೆರೆ ಎಳೆಯತಕ್ಕದ್ದು. ಮಳೆಗೆ ಗೆರೆ ತೊಳೆದುಹೋದರೆ ಮತ್ತೆ ಎಳೆಯತಕ್ಕದ್ದು.

9. ದುಗ್ಗಮ್ಮ ಅವರ ಹೇಳಿಕೆ, ಉಲ್ಲೇಖ (ಇ), ಯಥಾವತ್ತಾಗಿ ಹೀಗಿದೆ: “ಅದು ನನ್ನ ಅಮ್ಮ ಕೊಟ್ಟದ್ದು. ಅದಿಲ್ಲದೆ ನನಗೆ ಎಲೆ ಹಾಕಿದ ಹಾಗೇ ಆಗುದಿಲ್ಲ. ಆದ್ರೂ ಈಗಲೇ ಕೊಡಿ ಅಂತ ನಾನು ಹೇಳುದಿಲ್ಲ. ಮಗಳು ಶೀಲಾವತಿ ಹೆರಿಗೆಗೆ ಬಂದು ಮನೆಯಲ್ಲಿ ಇದ್ದಾಳೆ. ಅವಳಿಗೆ ದಿನ ತುಂಬುದು ಆಟಿ ತಿಂಗಳಲ್ಲಿ. ಆಗ ನಮ್ಮ ಹೊಳೆ ಹೇಗಿರ್ತದೆ ಅಂತ ನಿಮಗೆ ಗೊತ್ತುಂಟಾ? ಅದನ್ನು ಕಪಾಟಿನಲ್ಲಿ ಇಟ್ಟು ಎಂತ ಮಾಡುದು? ಜೀಪಿನಲ್ಲಿ ಇಡಿ ಮಾರಾಯ್ರೆ. ಹೆರಿಗೆ ಒಂದು ಆಗ್ಲಿ, ಮತ್ತೆ ನನಗೆ ಕೊಟ್ರೆ ಸಾಕು.”

ಪರಿಶೀಲಿಸಲಾಯಿತು. ಮೂಲ ಅಡಕತ್ತರಿಯನ್ನು ಜೀಪಿನಲ್ಲಿಟ್ಟರೆ ಉಪಯೋಗವಾಗಿ ಸವೆದುಹೋಗುವ ಸಂಭವವಿರುವುದರಿಂದ ಮನವಿಯನ್ನು ತಿರಸ್ಕರಿಸಲಾಗಿದೆ. ಅದರ ಬದಲಿಗೆ ಬೂದು ಅಡಕತ್ತರಿ ಇದ್ದೇ ಇದೆ. ಹೊಳೆ ಇಳಿಯುವ ತನಕ ಹೆರಿಗೆಯನ್ನು ಮುಂದೂಡಲು ಸಾಧ್ಯವೇ ಎಂದು ಕುಟುಂಬದವರು ವಿಚಾರಿಸಬಹುದು. ಇದನ್ನು ಓದಿ ಹೇಳಿದಾಗ ದುಗ್ಗಮ್ಮ ಹೊರಟರು. ಬಾಗಿಲ ಬಳಿ ಒಮ್ಮೆ ತಿರುಗಿ ಕಪಾಟನ್ನು ನೋಡಿ ಹೋದರು. ಆ ನೋಟಕ್ಕೆ ಉತ್ತರ ಕಳಿಸುವುದು ಬಾಕಿ ಇದೆ.

ಸೇರ್ಪಡೆ

ಮೇಲಿನದ್ದು ಟೈಪಾಗಿ ಸಹಿಗೆ ಬಂದಿರುವಾಗಲೇ, ಇಂದು ಬೆಳಿಗ್ಗೆ ಸುಳ್ಯ ಕೇಂದ್ರದಿಂದ ಟೆಲಿಫೋನ್ ಬಂದಿರುತ್ತದೆ. ಮಂಡೆಕೋಲಿನ ಜೀಪು ಮತ್ತೊಮ್ಮೆ ಮಾತಾಡಿದೆ.

ವಿಚಾರಿಸಲಾಗಿ ತಿಳಿದದ್ದೇನೆಂದರೆ: ತಮ್ಮ ಅಡಕತ್ತರಿ ಕಪಾಟು ಸೇರಿದಂದಿನಿಂದ ದುಗ್ಗಮ್ಮ ಅವರು ಜೀಪಿನಲ್ಲಿದ್ದ ಇಲಾಖಾ ಅಡಕತ್ತರಿಯನ್ನು ಅಡಿಕೆ ಹೋಳು ಮಾಡಲು ಕೇಳಿ ಒಯ್ಯುತ್ತಿದ್ದರು. ಬಾಯಿಗೆ ಪೈಂಟಿನ ರುಚಿ ಹತ್ತುತ್ತದೆಂದು ಅದನ್ನು ಬಟ್ಟೆ ಒಗೆಯುವ ಕಲ್ಲಿಗೆ ತಿಕ್ಕಿ ತಿಕ್ಕಿ, ಬೂದು ಬಣ್ಣವನ್ನು ಪೂರ್ತಿ ಕಳೆದಿದ್ದರು. ಇಂದು ಶೀಲಾವತಿಗೆ ನೋವು ಕಾಣಿಸಿ ಜೀಪು ಹೊಳೆಯ ಬದಿಗೆ ಬಂದಾಗ ಸಂಕದ ಗುರುತೂ ಕಾಣುತ್ತಿರಲಿಲ್ಲ. ಮಗಳನ್ನು ಹಿಡಿದುಕೊಳ್ಳಲು ಕೈ ಬೇಕಾಗಿ, ದುಗ್ಗಮ್ಮ ಬರಿ ಕಬ್ಬಿಣವಾಗಿದ್ದ ಆ ಅಡಕತ್ತರಿಯನ್ನು ಹಳೆಯ ಸಂದಿಗೇ, ಅಂದರೆ ಕಂಡಿಕೆ 8ರ ಸುಣ್ಣದ ಗೆರೆಯೊಳಗಿನ ಗೀರಿಗೇ ತುರುಕಿದರು. ಯಂತ್ರ ಗೊರಗೊರ ಎಂದಿತು. ಶ್ರೀ ಚನಿಯಪ್ಪ ಬಾಯಿ ತೆರೆಯುವ ಮೊದಲೇ ಅವರ ಕೈಯಿಂದ ಮೈಕನ್ನು ಕಿತ್ತುಕೊಂಡು ದುಗ್ಗಮ್ಮ ಹೀಗೆ ಹೇಳಿರುತ್ತಾರೆ:

“ನಾನು ದುಗ್ಗಮ್ಮ. ಮಗಳಿಗೆ ನೋವು ಸುರು ಆಗಿದೆ. ಬೇಗ ದೋಣಿ ಕಳಿಸಿ. ಮತ್ತೆ ಪುತ್ತೂರಿನವರಿಗೆ ಹೇಳಿ, ನನ್ನ ಅಡಕತ್ತರಿ ನನಗೆ ಕೊಡ್ಲಿ. ಅವರದ್ದು ಅಡಿಕೆಗೆ ಆಗುದಿಲ್ಲ, ಈ ಡಬ್ಬಕ್ಕೆ ಮಾತ್ರ ಆಗುದು.”

ದೋಣಿ ಕೂಡಲೇ ಹೋಯಿತು. ಟೆಲಿಫೋನ್ ಮತ್ತೆ ಬರುವ ತನಕ ಈ ಕಚೇರಿಯಲ್ಲಿ ಯಾವ ಕೆಲಸವೂ ನಡೆಯಲಿಲ್ಲ. ಗಂಡು ಮಗು. ಶೀಲಾವತಿ ಕ್ಷೇಮ.

ಈ ಹಿನ್ನೆಲೆಯಲ್ಲಿ ಮೇಲಿನ ಕಂಡಿಕೆಗಳನ್ನು ಹೀಗೆ ತಿದ್ದುಪಡಿ ಮಾಡಲಾಗಿದೆ: ಕಂಡಿಕೆ 3ರಲ್ಲಿ ಏನೇ ಇದ್ದರೂ, ಎಲ್ಲ ಕ್ಯಾಂಪುಗಳೂ ತಮ್ಮ ಅಡಕತ್ತರಿಯನ್ನು ಮಳೆಗಾಲ ಮುಗಿಯುವ ತನಕ ಎಲೆಯಡಿಕೆ ಹಾಕುವ ಹಿರಿಯರೊಬ್ಬರ ವಶದಲ್ಲಿಡತಕ್ಕದ್ದು. ಬಣ್ಣ ಕೆರೆಯತಕ್ಕದ್ದಲ್ಲ; ಆದರೆ ಒಗೆಯುವ ಕಲ್ಲಿನ ಮೇಲೆ ತಾನಾಗಿ ಹೋದ ಬಣ್ಣವನ್ನು ಕೆರೆದದ್ದೆಂದು ಭಾವಿಸತಕ್ಕದ್ದಲ್ಲ. ಕುಂಬ್ರ ಮತ್ತು ಕಡಬದ ಜೀಪುಗಳಿಗೆ ಮಂಡೆಕೋಲಿನಂಥದ್ದೇ ಸಾಕ್ಷ್ಯವಿರುವುದು ಅಗತ್ಯವಾದ್ದರಿಂದ, ಏರಿಯಲ್ ಬುಡದಲ್ಲಿ ಒಂದೊಂದು ಗೀರನ್ನು ಒದಗಿಸಿಕೊಳ್ಳತಕ್ಕದ್ದು. ದುಗ್ಗಮ್ಮ ಅವರು ಸರಕಾರಿ ಬಣ್ಣವನ್ನು ನಾಶಪಡಿಸಿದ ಬಗ್ಗೆ ಪ್ರತ್ಯೇಕ ಕಡತ ತೆರೆಯಲಾಗಿತ್ತು. ಕಡತ ಸಿಗುತ್ತಿಲ್ಲ.

ಕಪಾಟಿನಲ್ಲಿರುವ ಮೂಲ ಅಡಕತ್ತರಿಯನ್ನು ಯಾವ ಕಾರಣಕ್ಕೂ ಯಾರಿಗೂ ಕೊಡಲು ಅವಕಾಶವಿಲ್ಲ. ಕಪಾಟಿನ ಬೀಗದ ಕೈ ಕೆಳಗೆ ಸಹಿ ಮಾಡಿದವರ ಬಳಿ ಮಾತ್ರ ಇರುತ್ತದೆ.

(ಸಹಿ) ರಾಧಾಕೃಷ್ಣ
ಉಪವಿಭಾಗದ ಅಧಿಕಾರಿ, ಪುತ್ತೂರು

ಪ್ರತಿಗಳು:
ಕುಂಬ್ರ ಕ್ಯಾಂಪಿಗೆ, ಪಾಲನೆಗಾಗಿ. ಜನರ ಕೈಯಲ್ಲಿ ಕಳಿಸಿದೆ, ಯಂತ್ರ ಕೇಳುತ್ತಿಲ್ಲ.
ಕಡಬ ಕ್ಯಾಂಪಿಗೆ, ಪಾಲನೆಗಾಗಿ. ಶ್ರೀ ಬೆಳ್ಯಪ್ಪ ಅವರು ಸೀರೆಯನ್ನು ವಾರಸುದಾರರಿಗೆ ಹಿಂದಿರುಗಿಸತಕ್ಕದ್ದು.
ಶ್ರೀ ತೀರ್ಥರಾಮ, ಸುಳ್ಯ ಕೇಂದ್ರ. ಇಂದಿನ ವರದಿಯಲ್ಲಿ ‘ವಿಶೇಷವೇನಿಲ್ಲ’ ಎಂದು ಬರೆಯುವುದು ಬೇಡ.
ಶ್ರೀ ಚನಿಯಪ್ಪ, ಚಾಲಕ, ಮಂಡೆಕೋಲು. ಪೂರ್ವಾನುಮತಿ ಇಲ್ಲದೆ ಎರಡು ಬಾರಿ ಹೊರಟ ಬಗ್ಗೆ ಎಚ್ಚರಿಕೆ ನೀಡಿದೆ. ಮೂರನೆಯ ಬಾರಿಯೂ ಹೊರಡತಕ್ಕದ್ದು.
ಕೈಪಿಡಿಯ ತಯಾರಕರಿಗೆ, ಮಾಹಿತಿಗಾಗಿ. ಮುಂದಿನ ಮುದ್ರಣದಲ್ಲಿ ಅಡಕತ್ತರಿಯ ಚಿತ್ರ ಸೇರಿಸುವುದು.
ದುಗ್ಗಮ್ಮ, ಹೆರಿಗೆ ವಾರ್ಡಿನ ಹೊರಗಿನ ಬೆಂಚು, ಸುಳ್ಯ. ಮಧ್ಯಾಹ್ನದ ಬಸ್ಸಿನಲ್ಲಿ ಕಳಿಸಿದೆ. ಲಗತ್ತು: ಒಂದು ಅಡಕತ್ತರಿ, ಬಟ್ಟೆಯಲ್ಲಿ ಸುತ್ತಿದೆ. ಬಣ್ಣ ಹಚ್ಚಿಲ್ಲ.